ದರ್ಜಿ ಸೊಸೆಯ ಹತ್ತು ನಿಮಿಷ

ಹೊಲಿಗೆ ಅಂಗಡಿಯಲ್ಲಿ ಆವತ್ತು ದೊಡ್ಡ ಫಜೀತಿ. ಆಸ್ಪತ್ರೆಯ ನರ್ಸಮ್ಮ ಹೊಸ ಕೋಟು ತೊಟ್ಟು ನೋಡಿದರೆ, ಎರಡೂ ಎಡಗಡೆಯ ತೋಳು!

"ಹೊಲಿಯುವಾಗ ನಿದ್ದೆ ಮಾಡ್ತಿದ್ಯೇನೇ?" ಅತ್ತೆ ಸೊಸೆಯ ಮೇಲೆ ಹರಿಹಾಯ್ದರು. "ಮೂವತ್ತು ವರ್ಷ ಈ ಮಷೀನ್ ತುಳಿದಿದ್ದೀನಿ, ಒಂದು ದಿನ ಸುಸ್ತು ಅಂದಿಲ್ಲ. ಆಸ್ಪತ್ರೆಯದು ಇನ್ನೂ ಒಂಬತ್ತು ಕೋಟು ಬಾಕಿ. ಸೋಮವಾರದೊಳಗೆ ಆಗದಿದ್ರೆ ಅಂಗಡಿಗೆ ಬೀಗ ಹಾಕಿಬಿಡೋಣ."

ಸೊಸೆಗೆ ಅಳು ಉಕ್ಕಿ ಬಂತು. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬ ನರಗಳ ಕಾಯಿಲೆ. ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋತು ತಲೆಗೆ ಮಂಕು ಕವಿಯುತ್ತಿತ್ತು. ಅಂಗಡಿಯೂ ಹೋದರೆ ತನ್ನದು ಅಂತ ಏನು ಉಳಿಯುತ್ತದೆ ಎಂಬ ಭಯ ಬೇರೆ.

"ಅಮ್ಮಾ, ಇದು ಸೋಮಾರಿತನ ಅಲ್ಲ. ಆಸ್ಪತ್ರೆಯಲ್ಲಿ ನೋಡಿದ್ದೀನಲ್ಲ, ಇವಳ ಎಂ.ಎಸ್. ಕಾಯಿಲೆಯದೇ ದಣಿವು," ಎಂದ ನರ್ಸಮ್ಮ, ಮಷೀನಿನ ಪಕ್ಕದಲ್ಲೇ ಕಾಯುತ್ತಿದ್ದ ಇಸ್ತ್ರಿಪೆಟ್ಟಿಗೆ ನೋಡಿ ಹುಬ್ಬೇರಿಸಿದರು. "ಬಿಸಿಗೆ ಇದು ಇನ್ನೂ ಜಾಸ್ತಿ ಆಗತ್ತೆ. ಬಟ್ಟೆ ಯಾವಾಗ ಕತ್ತರಿಸ್ತೀಯಮ್ಮ?"

"ಇಸ್ತ್ರಿಯೆಲ್ಲ ಮುಗಿಸಿ, ಮಧ್ಯಾಹ್ನ."

"ಅದನ್ನ ತಿರುಗಿಸಿಬಿಡು. ತಲೆ ಓಡಿಸೋ ಕೆಲಸ ಬೆಳಿಗ್ಗೆ ತಂಪಲ್ಲಿ, ಕೂತ್ಕೊಂಡು. ಅರ್ಧ ಗಂಟೆ ಹೊಲಿ, ಹತ್ತು ನಿಮಿಷ ಮಲಗು. ಸುಸ್ತಾದ ಮೇಲಲ್ಲ, ಆಗೋಕೆ ಮುಂಚೆ! ಡಾಕ್ಟರಿಗೂ ಹೇಳು. ದಣಿವಿಗೆ ಬೇರೆ ಕಾರಣ ಇದ್ಯಾ ನೋಡ್ತಾರೆ, ಮೈಗೆ ಹಿಡಿಸೋ ವ್ಯಾಯಾಮಾನೂ ಹೇಳ್ಕೊಡ್ತಾರೆ."

"ಇವಳು ಮಲಗಿದ್ರೆ ಕೋಟು ತಾನಾಗೇ ಹೊಲ್ಕೊಳ್ಳತ್ತಾ?" ಅತ್ತೆ ಮೂಗು ಮುರಿದರು. ಆದರೂ ಗೊಣಗುತ್ತಲೇ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಜಗಲಿಗೆ ನಡೆದರು.

ಮೊದಲ ದಿನ ಎರಡು ಕೋಟು ಆಯಿತು. ಮಧ್ಯೆ ಒಂದು ದಿನ ಮೈ ಏಳಲೇ ಇಲ್ಲ, ಸೊಸೆ ಮಷೀನ್ ಮುಟ್ಟಲಿಲ್ಲ. ಅವತ್ತು ಅತ್ತೆಯೇ ಗುಂಡಿ ಹಚ್ಚುತ್ತ ಕೂತರು. ಭಾನುವಾರ ಸಂಜೆಗೆ ಒಂಬತ್ತೂ ಕೋಟು ಸಾಲಾಗಿ ತೂಗುಬಿದ್ದವು. ಅತ್ತೆ ಕನ್ನಡಕ ಏರಿಸಿ ಹೊಲಿಗೆ ಹೊಲಿಗೆಯನ್ನೂ ತಡಕಿದರು. ಹುಳುಕು ಸಿಗಲಿಲ್ಲ!

ಮರುದಿನ ಹೊಸ ಗಿರಾಕಿಯೊಬ್ಬರು ಬಂದು ಇಣುಕಿದರು. "ಏನು, ದರ್ಜಿಯಮ್ಮ ಹಗಲಲ್ಲೇ ಮಲಗಿದ್ದಾರೆ?"

"ಮಲಗೋದೂ ಅವಳ ಕೆಲಸಾನೇ ಕಣ್ರೀ," ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಹತ್ತು ನಿಮಿಷ ಕೂತ್ಕೊಳ್ಳಿ. ಊರಲ್ಲಿ ಇವಳಷ್ಟು ಚೆನ್ನಾಗಿ ಹೊಲಿಯೋರು ಬೇರೆ ಯಾರಿದ್ದಾರೆ?"

ಒಳಗೆ ಮಲಗಿದ್ದ ಸೊಸೆ ಕಣ್ಣು ಮುಚ್ಚಿಕೊಂಡೇ ನಕ್ಕಳು. ಗೆದ್ದೆ ಅನ್ನಿಸಿತು.

ನಿಮ್ಮ ಮನೆಯಲ್ಲಿ ಎಂ.ಎಸ್. ಇರುವವರು ಸುಸ್ತು ಅಂದರೆ ನಂಬಿ. ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಇವತ್ತೇ ಪಕ್ಕದಲ್ಲಿ ಕೂತು ಕೇಳಿ: "ನಿನ್ನ ಯಾವ ಕೆಲಸ ನಾನು ಮಾಡ್ಲಿ?"