ಗೋದಾ ಕಾಕುವಿನ ರೊಟ್ಟಿ ನೆಲ ಬಿಟ್ಟು ಕಟ್ಟೆ ಹತ್ತಿದ್ದು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ತಿಳಿದವರು. ಮಂಡಿ ಇದ್ದಷ್ಟು ಮಣೆ ಎತ್ತರಿಸು ಅನ್ನುತ್ತೇನೆ ನಾನು. ಗಾದೆಯ ಕಾಲು ಮುರಿದ ಅಂತ ಬೈಯಬೇಡಿ. ಗಾದೆ ಕುಂಟಿದರೂ ಕಥೆ ನೆಟ್ಟಗಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಪುಣೆಯ ಸದಾಶಿವ ಪೇಠದ ಒಂದು ಹಳೇ ವಾಡೆಯ ಕೆಳಗಿನ ಮನೆಯಲ್ಲಿ ಗೋದಾ ಕಾಕುವಿನ ಖಾನಾವಳಿ. ನಾನು ಅಂಬಾದಾಸ. ಧಾರವಾಡದಿಂದ ಕಾಲೇಜಿಗೆ ಅಂತ ಬಂದವನು ಅಲ್ಲೇ ಉಂಡೆ. ಕಾಲೇಜು ಮುಗಿಯಿತು, ನೌಕರಿ ಸಿಕ್ಕಿತು, ಹಸಿವು ಮಾತ್ರ ಇವತ್ತಿಗೂ ಅದೇ ಓಣಿಗೆ ತಿರುಗುತ್ತದೆ.

ಆಗೆಲ್ಲ ನೆಲದ ಮೇಲೆ ಪಂಕ್ತಿ. ಮುಂದೆ ಸ್ಟೀಲ್ ತಾಟು, ತಾಟಿನಲ್ಲಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಪರದೆಯ ಆಚೆ ಅಡುಗೆಮನೆಯಿಂದ ಟಪ್ ಟಪ್ ಟಪಾ ಟಪ್ ಅಂತ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಆ ಸಪ್ಪಳವನ್ನು ನಾನು ನಾಲಿಗೆಯಿಂದಲೇ ತೆಗೆಯುತ್ತಿದ್ದೆ. ಬಿಸಿ ರೊಟ್ಟಿ ಬಂತು ಅಂತ ಪಂಕ್ತಿಗೆ ಪಂಕ್ತಿಯೇ ಕತ್ತೆತ್ತುತ್ತಿತ್ತು. ಒಳಗಿಂದ ಕಾಕು ಕೂಗುತ್ತಿದ್ದರು:

"ಅಂಬ್ಯಾ! ನಿನ್ನ ನಾಲಿಗಿ ಕಿತ್ತು ಹಂಚಿನ ಮ್ಯಾಲೆ ಹಾಕ್ತೀನಿ ನೋಡು!"

ಆಹಾ, ಅಂಥ ಬೈಗುಳ ಈಗ ಯಾವ ಹೋಟೆಲಿನಲ್ಲಿ ಬಡಿಸುತ್ತಾರೆ?

ಕಾಕು ರೊಟ್ಟಿ ಬಡಿಯುತ್ತಿದ್ದ ಠೀವಿಯೇ ಬೇರೆ. ನೆಲದ ಮೇಲೆ ಗಿಡ್ಡ ಮಣೆ, ಒಂದು ಕಾಲು ಮಡಚಿ, ಇನ್ನೊಂದರ ಮಂಡಿ ಎತ್ತಿ, ಎದುರಿಗೆ ಹಿಟ್ಟು ನಾದುವ ಅಗಲ ಪರಾತ. ಮದುವೆಯಾಗಿ ಬೈಲಹೊಂಗಲದಿಂದ ಪುಣೆಗೆ ಬಂದಾಗಿನಿಂದ ಹಾಗೇ. ಹಾಗೆ ಕೂತು ಕೂತು ಬಲಗಾಲಿನ ಮಂಡಿ ಸವೆಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಎಣ್ಣೆ ತಿಕ್ಕಿದರು, ಪಟ್ಟಿ ಕಟ್ಟಿದರು. ಕೊನೆಗೆ ಅವರನ್ನು ಮಣೆಯಿಂದ ಎಬ್ಬಿಸಲು ಅವರ ಗಂಡ ಮಾರ್ತಾಂಡ ಕಾಕಾ ಒಂದು ಕಡೆ, ಅಡುಗೆಯ ಜೊತೆಗಾತಿ ಇಂದೂ ಇನ್ನೊಂದು ಕಡೆ ಹಿಡಿಯುವ ಹಾಗಾಯಿತು. ಆಮೇಲೆ ಮಂಡಿ ಬದಲಿಸುವ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಮಂಡಿ ಬದಲಾಯಿತು, ಮೊಂಡುತನ ಬದಲಾಗಲಿಲ್ಲ.

ಅವತ್ತಿನಿಂದ ಖಾನಾವಳಿಗೆ ಬೀಗ. ಇಂದೂ ಪಲ್ಯ, ಸಾರು, ಅನ್ನ ಎಲ್ಲ ಮಾಡುತ್ತಾಳೆ, ಆದರೆ ಅವಳ ರೊಟ್ಟಿ ಹರಿದು ಮಹಾರಾಷ್ಟ್ರದ ನಕಾಶೆ ಆಗುತ್ತದೆ. ಕೋಚಿಂಗ್ ಕ್ಲಾಸಿನ ಹುಡುಗರು ಬಂದು, ಬಾಗಿಲು ನೋಡಿ, ವಡಾಪಾವ್ ಕಡೆಗೆ ಹೋಗುತ್ತಿದ್ದರು.

ಕೆಲವು ತಿಂಗಳು ಕಳೆದವು. ಕೋಲು ಬಿಟ್ಟು ನಡೆಯುವಷ್ಟಾದಾಗ ಡಾಕ್ಟರು ಪರೀಕ್ಷೆ ಮಾಡಿ, "ಇನ್ನು ನಿಧಾನವಾಗಿ ಕೆಲಸ ಶುರು ಮಾಡಬಹುದು. ಆದರೆ ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲು ಬೇಡ" ಅಂದರು. ಮೊದಲ ಮಾತಿಗೆ ಅರಳಿದ ಕಾಕುವಿನ ಮುಖ ಎರಡನೇ ಮಾತಿಗೆ ಬಾಡಿತು.

"ನೆಲಕ್ಕ ಕುಂಡ್ರದs ರೊಟ್ಟಿ ಹೆಂಗ ಬಡೀಲಿ? ಮದುವಿ ಮಾಡ್ಕೋ, ತಾಳಿ ಕಟ್ಟಬ್ಯಾಡ ಅಂದಂಗಾತು" ಅಂದರು ಮನೆಗೆ ಬಂದು.

"ಓಟಾದ ಮ್ಯಾಲೆ ಬಡಿ" ಅಂದರು ಕಾಕಾ. ಅಡುಗೆಕಟ್ಟೆಗೆ ಪುಣೆಯಲ್ಲಿ ಓಟಾ ಅಂತಾರೆ.

ನಾನು ಸುಮ್ಮನಿರಲಾರದೆ, "ಡಾಕ್ಟರ್ ಓಟ ಬ್ಯಾಡ ಅಂದಾರ ಕಾಕು, ಓಟಾ ಬ್ಯಾಡ ಅಂದಿಲ್ಲ" ಅಂದೆ.

"ನೀ ಬಾಯಿ ಮುಚ್ಚು! ನಿಂತು ಬಡದ್ರ ಅದಕ್ಕ ರೊಟ್ಟಿ ಅನ್ನೂದಿಲ್ಲ, ಕಪಾಳಕ್ಕ ಹೊಡಿಯೂದು ಅಂತಾರ. ಸಪ್ಪಳs ಬ್ಯಾರೆ ಆಗ್ತದ. ನಮ್ಮವ್ವ ನೆಲಕ್ಕ ಕುಂತು ಬಡೀತಿದ್ಲು. ನಸುಕಿನ್ಯಾಗ ನಮಗ ಕೋಳಿ ಎಬ್ಬಸ್ತಿದ್ದಿಲ್ಲೋ, ಅವ್ವನ ರೊಟ್ಟಿ ಸಪ್ಪಳ ಎಬ್ಬಸ್ತಿತ್ತು. ಕೌದಿಯೊಳಗ ಮಲಕೊಂಡs ತಿಳೀತಿತ್ತು, ಅವ್ವ ಇವತ್ತು ಖುಷಿ ಇದ್ದಾಳೋ ಸಿಟ್ಟಾಗ್ಯಾಳೋ ಅಂತ." ಕಾಕುವಿನ ದನಿ ಸಣ್ಣಗಾಯಿತು. "ಆ ಸಪ್ಪಳ ಒಂದs ಉಳದದ ನನ್ನ ಕಡೆ. ಅದನ್ನೂ ಬಿಡು ಅಂದ್ರ ಹೆಂಗ?"

ಮರುದಿನ ಮಧ್ಯಾಹ್ನ ನಾನು ಹೋದಾಗ ನೋಡಿದ್ದೇನು? ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಕಾಕು ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ಮಣೆಯ ಮೇಲೆ ಇಳಿಯುತ್ತಿದ್ದಾರೆ! ನನಗಿಂತ ಮುಂಚೆ ಓಡಿದವಳು ಸಿಂಧೂರ. ಮೇಲಿನ ಮನೆಯವಳು, ಮೈಸೂರಿನ ಹುಡುಗಿ, ಫಿಸಿಯೋಥೆರಪಿ ಓದಿದವಳು. ಕಾಕುವಿಗೆ ವ್ಯಾಯಾಮ ಮಾಡಿಸಲು ಬಂದಿದ್ದಳು.

"ಆಂಟಿ! ಏನ್ ಮಾಡ್ತಿದ್ದೀರಾ! ಎದ್ದೇಳಿ!" ಇಬ್ಬರೂ ಹಿಡಿದು ಕುರ್ಚಿಗೆ ಕೂರಿಸಿದೆವು.

"ಒಂದs ರೊಟ್ಟಿ ಬಡದು ಏಳ್ತಿದ್ದೆನವ್ವಾ" ಅಂದರು ಕಾಕು, ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ.

"ಏಳೋಕೆ ಆಗದೆ ಬಿದ್ದಿದ್ರೆ? ಹೊಸ ಮಂಡಿನ ಅಷ್ಟು ಮಡಚಿ ಅದರ ಮೇಲೆ ಭಾರ ಹಾಕಿದ್ರೆ ಅದೂ ಬೇಗ ಸವೆಯತ್ತೆ, ಆಂಟಿ. ನಿಮ್ಮನ್ನ ಮನೇಲಿ ಕೂತಿರಿ ಅಂತ ಯಾರೂ ಹೇಳ್ತಿಲ್ಲ. ಕೆಲಸ ಮಾಡಿ. ಆದ್ರೆ ಕೆಲಸಾನೇ ನಿಮ್ಮ ಮಂಡಿ ಹತ್ರ ಬರಲಿ, ಮಂಡಿ ಕೆಲಸದ ಹತ್ರ ಇಳಿಯೋದು ಬೇಡ."

"ಅಂದ್ರ ದಿನಾ ಪೂರ್ತಿ ನಿಂದರಬೇಕೇನು?"

"ಅದೂ ಬೇಡ. ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ಸ್ವಲ್ಪ ಹೊತ್ತು ಎತ್ತರದ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಮೊದಲು ಒಂದೇ ಹೊತ್ತಿನ ಅಡುಗೆ ಮಾಡಿ. ಮಂಡಿ ಊದ್ಕೊಂಡ್ರೆ ನಿಲ್ಸಿ, ಕಾಲು ಎತ್ತಿ ಇಟ್ಕೊಳ್ಳಿ. ನೀರಿನ ಕೊಡ, ಹಿಟ್ಟಿನ ಚೀಲ ಬೇರೆಯವರು ಎತ್ತಲಿ. ವ್ಯಾಯಾಮ ಮಾತ್ರ ಕೆಲಸ ಶುರುವಾಯ್ತು ಅಂತ ಬಿಡಬೇಡಿ."

ಮಾರ್ತಾಂಡ ಕಾಕಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ಅವರು ಮಾತಾಡುವುದೇ ಅಪರೂಪ. ಅವತ್ತು ಆಡಿದರು:

"ಗೋದಾ, ಮೊದಲ ಹುಡುಗರು ನೆಲಕ್ಕ ಕುಂತು ಉಣ್ತಿದ್ರು. ನೀನs ಟೇಬಲ್ ತರಿಸಿದಿ. ಉಣ್ಣಾವರು ಮ್ಯಾಲೆ ಏರಿದಾಗ ರೊಟ್ಟಿ ರುಚಿ ಕೆಡಲಿಲ್ಲ. ಬಡಿಯಾಕಿ ಏರಿದ್ರ ಯಾಕ ಕೆಡತದ?"

ಕಾಕು ತಲೆ ಅಡ್ಡ ಆಡಿಸಿದರು. "ರುಚಿ ಅಲ್ರೀ, ಸಪ್ಪಳ" ಅಂದರು. "ಕೆಟ್ಟ ರೊಟ್ಟಿ ಮಾಡೂದಕ್ಕಿಂತ ಬಂದ್ ಮಾಡೂದು ಛಲೋ. ಹೊರಗಿನ ಪಾಟಿ ಇಳಸ್ರಿ."

ಪಾಟಿ ಅಂದರೆ ಬಾಗಿಲ ಮೇಲಿನ ಬೋರ್ಡು. 'ಗೋದಾ ಖಾನಾವಳಿ' ಅಂತ ಒಂದು ಕಡೆ ಕನ್ನಡ, ಒಂದು ಕಡೆ ಮರಾಠಿ. ಕಾಕಾ ಏಣಿ ತರಲು ಎದ್ದೇ ಬಿಟ್ಟರು. ಕಾಕು ಹೇಳಿದ್ದನ್ನು ಅವರು ಇಲ್ಲ ಅಂದದ್ದೇ ಇಲ್ಲ. ನಾನು ಅಂಗಳಕ್ಕೆ ಓಡಿ, "ಎರಡು ದಿನ ತಡೀರಿ ಕಾಕಾ" ಅಂತ ಕೈ ಹಿಡಿದುಕೊಂಡೆ.

ಮಾರನೇ ದಿನ ವ್ಯಾಯಾಮದ ಹೊತ್ತು. ಸಿಂಧೂರ ಕಾಕುವನ್ನು ಓಟಾದ ಮುಂದೆ ನಿಲ್ಲಿಸಿ, "ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತ್ಕೊಳ್ಳಿ ಆಂಟಿ. ಕೈ ಸುಮ್ನೆ ಯಾಕಿರಬೇಕು? ಏನಾದ್ರೂ ಬಡೀತಿರಿ" ಅಂದಳು.

"ಇದು ರೊಟ್ಟಿ ಅಲ್ಲ, ಕಸರತ್ತು. ಲೆಕ್ಕಕ್ಕಿಲ್ಲ" ಅನ್ನುತ್ತಲೇ ಕಾಕು ಹಿಟ್ಟಿಗೆ ಬಿಸಿನೀರು ಹಾಕಿ ನಾದಿದರು. ಬೈಲಹೊಂಗಲದ ಮಾತು ತೆಗೆದರು. ಅವ್ವ, ತಂಗಿ, ಬಾವಿಕಟ್ಟೆ, ಬೇಸಿಗೆಯ ಸೂಟಿ. ಮಾತು ನಿಂತರೂ ಅದೇ ಗುಂಗಿನಲ್ಲಿ ಕೈ ತಾನಾಗಿಯೇ ಓಡಿತು. ಹಿಟ್ಟಿನ ಡಬ್ಬಿಯ ಹಿಂದೆ ನನ್ನ ಫೋನು ಕಿವಿ ತೆರೆದು ಮಲಗಿತ್ತು.

ಅದರ ಮರುದಿನ ಕಾಕುವನ್ನು ಹೊರಗಿನ ಕೋಣೆಯಲ್ಲಿ ಸಿಂಧೂರಳ ಪಕ್ಕದ ಕುರ್ಚಿಗೆ ಕೂರಿಸಿ, "ಇಂದೂ ನೆಲಕ್ಕ ಕುಂತು ಬಡಿಯೂದು ಕಲತಾಳ. ಕೇಳಿ ಹೇಳ್ರಿ, ಪಾಸೋ ಫೇಲೋ" ಅಂದೆ. ಒಳಗೆ ಹೋಗಿ ಪರದೆ ಎಳೆದೆ. ನಿಜವಾದ ಇಂದೂ ಮೂಲೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ನಾನು ಮಣೆಯನ್ನು ಗರ್ರನೆ ಎಳೆದೆ. ಇಂದೂಳ ಸೊಲ್ಲಾಪುರದ ದನಿ ತೆಗೆದು, "ಅಗ್ ಬಾಯೀ, ನಡಾ ಹೋತ್ರಿ ಕಾಕು! ಹಾಂ, ಕುಂತೆ ನೋಡ್ರಿ" ಅಂದೆ. ಪರಾತದಲ್ಲಿ ಸ್ಪೀಕರ್ ಇಟ್ಟು, ಮೊದಲಿನ ಮಾತು ದಾಟಿಸಿ ಫೋನು ಒತ್ತಿದೆ.

ಟಪ್ ಟಪ್ ಟಪಾ ಟಪ್.

ಪರದೆಯ ಸಂದಿಯಿಂದ ನೋಡಿದರೆ ಕಾಕು ಕಣ್ಣು ಮುಚ್ಚಿ ಕೂತಿದ್ದರು.

"ಇದು ನೆಲದ ಸಪ್ಪಳ. ನನಗ ಕಲಸ್ತೀರೇನು! ಇಂದೂ, ಪಾಸಾದಿಯವ್ವಾ. ಎಲ್ಲಿ ಕಲತಿ ಇದನ್ನ? ಕೊನಿಗೆ ಎರಡು ಹಗೂರಕ ಬಡೀತಿಯಲ್ಲ, ಅದು ನಮ್ಮವ್ವನ ಕೈ. ಖುಷಿ ಇದ್ದಾಗ ಅಕಿ ಹಂಗs ಬಡೀತಿದ್ಲು." ಕಾಕು ಕಣ್ಣೊರೆಸಿಕೊಂಡರು.

ಆ ಸಪ್ಪಳ ಹಾಗೇ ನಡೆದಿರಲಿ. ಅಷ್ಟರಲ್ಲಿ ನಿಮಗೊಂದು ಮಾತು. ನಿಮ್ಮ ಮನೆಯಲ್ಲೂ ಮಂಡಿ ಬದಲಿಸಿಕೊಂಡ ಅವ್ವ, ಅಪ್ಪ, ಅತ್ತೆ ಇದ್ದಾರಾ? "ಸಾಕು, ಇನ್ನು ಮೂಲೆಯಲ್ಲಿ ಕೂತಿರು" ಅನ್ನಬೇಡಿ. "ಏನೂ ಆಗಲ್ಲ, ಮೊದಲಿನ ಹಾಗೇ ಮಾಡು" ಅಂತಲೂ ಅನ್ನಬೇಡಿ. ಯಾವ ಕೆಲಸಕ್ಕೆ ಯಾವಾಗ ಮರಳಬಹುದು ಅಂತ ಅವರ ಡಾಕ್ಟರನ್ನೇ ಕೇಳಿ. ಕೂತು ಮಾಡುವ ಕೆಲಸಕ್ಕೆ ಬೇಗ ಒಪ್ಪಿಗೆ ಸಿಗಬಹುದು, ನಿಂತು ಮಾಡುವುದಕ್ಕೆ, ಭಾರ ಹೊರುವುದಕ್ಕೆ ಹೆಚ್ಚು ತಿಂಗಳು ಬೇಕಾಗಬಹುದು. ಕೇಳುವಾಗ ಬರೀ "ಕೆಲಸ" ಅನ್ನಬೇಡಿ. ಹೇಗೆ ಕೂತು, ಹೇಗೆ ಬಗ್ಗಿ ಮಾಡುವ ಕೆಲಸ ಅಂತ ಬಿಡಿಸಿ ಹೇಳಿ. ನೆಲ ಒದ್ದೆ ಇರದ ಹಾಗೆ ನೋಡಿಕೊಳ್ಳಿ. ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಬಾತು ನೋವಾದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಎದೆ ನೋವು, ಉಸಿರಾಟದ ತೊಂದರೆ ಕಂಡರಂತೂ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಮಂಡಿ ಹೊಸದಾಗಿದೆ, ಮಣೆಯೂ ಹೊಸದಾಗಲಿ.

ಹಾಂ, ಎಲ್ಲಿದ್ದೆವು? ಟಪ್ ಟಪ್ ನಿಂತಿತು. ಫೋನು ನಿಲ್ಲಿಸುವುದನ್ನು ನಾನು ಮರೆತಿದ್ದೆ. ಸ್ಪೀಕರಿನಿಂದ ಗಟ್ಟಿಯಾಗಿ ಕಾಕುವಿನದೇ ದನಿ ಬಂತು:

"ಸಿಂಧೂರವ್ವಾ, ಈ ಓಟಾದ ಮುಂದ ಇನ್ನೂ ಎಷ್ಟೊತ್ತು ನಿಂದರಲಿ?"

ಹೊರಗಿನ ಕಾಕು ಬೆಚ್ಚಿದರು. "ಅಂಬ್ಯಾ! ನನ್ನ ದನಿನೂ ಕಲತೇನೋ, ಕೋತಿ!"

ನಾನು ಪರದೆ ಸರಿಸಿದೆ. ಖಾಲಿ ಮಣೆ, ಪರಾತದಲ್ಲಿ ಸ್ಪೀಕರ್, ಮೂಲೆಯಲ್ಲಿ ಇಂದೂ. "ಎಲ್ಲರ ದನಿನೂ ತೆಗೀತೀನಿ ಕಾಕು, ಆದರ ಇದು ನಂದಲ್ಲ. ಮಾತೂ ನಿಮ್ಮದು, ರೊಟ್ಟಿನೂ ನಿಮ್ಮದು. ನಿನ್ನೆ, ನಿಂತು ಬಡದದ್ದು."

ಕಾಕು ಫೋನು ನೋಡಿದರು. ಓಟಾ ನೋಡಿದರು. ತಮ್ಮ ಎರಡೂ ಅಂಗೈ ನೋಡಿಕೊಂಡರು.

"ಹಂಗಾರ ನಮ್ಮವ್ವ ನೆಲದಾಗ ಇದ್ದಿಲ್ಲ" ಅಂದರು ಮೆಲ್ಲಗೆ. "ಇಲ್ಲೇ ಇದ್ಲು."

ಆಮೇಲೆ ಸಿಂಧೂರಳ ಕಡೆ ತಿರುಗಿ, "ಆ ಎತ್ತರದ ಸ್ಟೂಲ್ ಎಲ್ಲಿ ಸಿಗತದ ಕೇಳು. ಏನ್ರೀ, ಪಾಟಿ ಒರಸ್ರಿ, ಧೂಳು ಕುಂತದ" ಅಂದವರೇ ಕಾಕು ನಗಲು ಶುರು ಮಾಡಿದರು. ಇಂದೂ ನಕ್ಕಳು, ಸಿಂಧೂರ ನಕ್ಕಳು, ಎರಡು ದಿನ ಮುಗಿಯಿತು ಅಂತ ಬಾಗಿಲಲ್ಲಿ ಏಣಿ ಹಿಡಿದು ನಿಂತ ಕಾಕಾ ಕೂಡ ನಕ್ಕರು. ಆದರೆ ವಾಡೆಯ ಮೇಲಿನ ಮನೆಯವರೆಲ್ಲ ಕಿಟಕಿ ತೆರೆದು ಬಗ್ಗಿ ನೋಡಿದ್ದು ಗೋದಾ ಕಾಕುವಿನ ನಗೆ ಕೇಳಿ.