ಐದು ದಿನಗಳ ರಜೆ

ನಮ್ಮ ಪೇಂಟರ್ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಹೆಂಡತಿ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಹತ್ತು ತಿಂಗಳಿಗೊಮ್ಮೆ ಹಡಗು ಬಂದರಿಗೆ ಬಂದಾಗ ಅವಳಿಗೆ ಐದು ದಿನ ರಜೆ. ಆ ಐದು ದಿನದ ಆಸೆಯಲ್ಲೇ ಅವನು ಉಳಿದ ದಿನಗಳನ್ನು ದೂಡುತ್ತಿದ್ದ. ಶುಕ್ರವಾರ ಹಡಗು ಬರುವುದಿತ್ತು. ಮಂಗಳವಾರ ಈ ಮಹಾರಾಯ ಏಣಿಯಿಂದ ಜಾರಿ, ಎಡಪಕ್ಕೆ ಕಟ್ಟೆಗೆ ಬಡಿಯುವಂತೆ ಬಿದ್ದ.

ಸ್ಕ್ಯಾನ್ ಮಾಡಿದಾಗ ಎಡಪಕ್ಕೆಲುಬಿನ ಕೆಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಸೀಳಿರುವುದು ಕಂಡಿತು. ರಕ್ತ ತಾನಾಗಿಯೇ ನಿಂತಿದೆ, ಬಿ.ಪಿ. ಸರಿಯಿದೆ, ಹೊಟ್ಟೆ ಕೊಯ್ಯುವುದು ಬೇಡ, ಕಾದು ನೋಡೋಣ ಎಂದರು ಸರ್ಜನ್ ಮೇಡಂ. ಆದರೆ ಮಂಚದಿಂದ ಇಳಿಯಕೂಡದು. ಒಳಗೆ ರಕ್ತ ಸೋರಿದರೆ ಎಡಭುಜದಲ್ಲೂ ನೋವು ಕಾಣಿಸುತ್ತದೆ, ಬಂದ ತಕ್ಷಣ ಹೇಳಬೇಕು. ಬೇಗ ತಿಳಿದರೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ ಸೋರುವುದನ್ನು ಮುಚ್ಚಬಹುದು ಎಂದು ಕಡ್ಡಿ ಮುರಿದಂತೆ ಹೇಳಿದರು.

ಗುರುವಾರ ಸಂಜೆ ಎಡಭುಜ ಹಿಂಡತೊಡಗಿತು. ಇಪ್ಪತ್ತು ವರ್ಷ ಎಡಗೈಯಲ್ಲೇ ರೋಲರ್ ಎಳೆದವನಿಗೆ ಭುಜನೋವೇನು ಹೊಸದೇ? ಅದೇ ಹಳೇ ನೋವು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಒಳಗೊಳಗೆ ಮಾತ್ರ ಬೇರೆಯೇ ಲೆಕ್ಕ. ನೋವು ಎಂದರೆ ಐಸಿಯುಗೆ ತಳ್ಳುತ್ತಾರೆ, ಅಲ್ಲಿ ಅವಳನ್ನು ಹತ್ತಿರ ಬಿಡುವುದಿಲ್ಲ. ಸಿಸ್ಟರ್ ಬಂದು, ಭುಜ ನೋಯುತ್ತಿದೆಯೇ ಎಂದು ಕೇಳಿದರು.

"ಏನೂ ಇಲ್ಲ ಸಿಸ್ಟರ್. ಗುಂಡುಕಲ್ಲಿನ ಹಾಗಿದೀನಿ."

ಶುಕ್ರವಾರ ಬೆಳಗಾಗುತ್ತಲೇ ಎದ್ದ. ಹತ್ತು ತಿಂಗಳ ಮೇಲೆ ಬರುವವಳ ಮುಂದೆ ಕುರುಚಲು ಗಡ್ಡದಲ್ಲಿ ಮಲಗಿರುವುದೇ? ರೇಜರ್ ಹಿಡಿದು ಬಚ್ಚಲಿನ ಕಡೆ ನಾಲ್ಕು ಹೆಜ್ಜೆ ಹಾಕಿದವನು ಕುಸಿದು ಬಿದ್ದ. ಹೊಟ್ಟೆಯ ತುಂಬ ರಕ್ತ. ನಳಿಗೆ ತೂರಿಸುವಷ್ಟು ಹೊತ್ತೂ ಉಳಿದಿರಲಿಲ್ಲ. ಹೊಟ್ಟೆ ಕೊಯ್ದು ಗುಲ್ಮವನ್ನೇ ತೆಗೆದರು. ಅಷ್ಟು ರಕ್ತ ಹೋದದ್ದರಿಂದ ಶ್ವಾಸಕೋಶಕ್ಕೂ ಪೆಟ್ಟು ಬಿದ್ದು, ಮಂಪರಿನ ಮದ್ದು ಕೊಟ್ಟು ಉಸಿರಾಟದ ಯಂತ್ರಕ್ಕೆ ಹಾಕಿದರು.

ಎಚ್ಚರಾದಾಗ ಗಂಟಲು ಉರಿಯುತ್ತಿತ್ತು. ಹಡಗು ಬಂತೇ ಎಂದು ಕೇಳಿದ. ಸಿಸ್ಟರ್, ಇವತ್ತು ಬುಧವಾರ, ಹಡಗು ಬೆಳಿಗ್ಗೆಯೇ ಹೊರಟಿತು ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀನು ಗುರುವಾರವೇ ಬಾಯಿಬಿಟ್ಟಿದ್ದರೆ ಐದು ದಿನವೂ ಅವಳ ಜೊತೆ ಹರಟುತ್ತಿದ್ದೆ ಮಾರಾಯ ಎಂದು ಮೇಡಂ ಬೇಸರದಿಂದಲೇ ಹೇಳಿ ಹೋದರು. ಅವನು ಗೋಡೆ ಕಡೆ ಮುಖ ತಿರುಗಿಸಿ ಅತ್ತ. ಹೊಲಿಗೆ ಎಳೆದು ನೋವಾಯಿತು, ಆದರೂ ಅತ್ತ.

ಐಸಿಯು ಒಳಗೆ ಅವಳನ್ನು ಬಿಟ್ಟಿರಲಾರರು ಎಂದುಕೊಂಡಿದ್ದ. ಬಿಟ್ಟಿದ್ದರಂತೆ, ಸಿಸ್ಟರ್ ಹೇಳಿದರು. ಐದು ದಿನವೂ ಮಂಚದ ಪಕ್ಕದ ಇದೇ ಸ್ಟೂಲಿನ ಮೇಲೆ ಕೂತು, ಊಟ ತಿಂಡಿ ಮರೆತು, ಒಂದೇ ಸಮನೆ ಮಾತಾಡುತ್ತಿದ್ದಳಂತೆ.

"ಏನ್ ಹೇಳಿದ್ಲು?"

"ನನಗೆ ಕೇಳಿಸ್ಲಿಲ್ಲ ಅಣ್ಣಾ. ನಿಮ್ಮ ಕಿವೀಲಿ ಹೇಳ್ತಿದ್ರು. ಮಧ್ಯೆ ಮಧ್ಯೆ ಒಬ್ರೇ ನಗ್ತಿದ್ರು."

ಅವನು ಗೋಡೆಯಿಂದ ಮುಖ ತಿರುಗಿಸಿ ಸಿಸ್ಟರನ್ನು ನೋಡಿದ.

"ಯಾವ ಕಿವೀಲಿ ಸಿಸ್ಟರ್?"

ಸಿಸ್ಟರ್ ಬಲಗಿವಿಯನ್ನು ಮುಟ್ಟಿ ತೋರಿಸಿದರು. ಅವನು ಅದನ್ನು ಅಂಗೈಯಿಂದ ಮುಚ್ಚಿಕೊಂಡ.