ಅಚ್ಚಿಗೆ ಸುತ್ತಿದ ಉಣ್ಣೆ

"ಇದು ಚೆನ್ನಾಗಿ ಓಡಿರೋ ಗಾಡಿ ಅಮ್ಮ," ಎಂದ ಆಟದ ರೈಲು ರಿಪೇರಿಯವನು, ಬೋಗಿಯನ್ನು ಅಂಗಾತ ಮಲಗಿಸಿ.

"ಇಲ್ಲಪ್ಪ. ನಮ್ಮನೇಲಿ ಹಳೀನೇ ಇಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಅದು ಬ್ರಿಟಿಷ್ ಡೀಸೆಲ್ ಪ್ಯಾಸೆಂಜರ್ ರೈಲಿನ ಪುಟ್ಟ ಮಾದರಿ. ಎರಡೇ ಬೋಗಿ, ಹಳದಿ ಮೂತಿ. ಪೆಟ್ಟಿಗೆಯಿಂದ ತೆಗೆದು ಹಳಿಯ ಮೇಲಿಟ್ಟರೆ ಸಾಕು, ಓಡುತ್ತದೆ. ಗಂಡ ಭಾನುವಾರ ಬೆಳಗಾದರೆ ಅದನ್ನು ಕಂಕುಳಲ್ಲಿಟ್ಟುಕೊಂಡು ರೈಲುಹುಚ್ಚರ ಕೂಟಕ್ಕೆಂದು ಹೊರಡುತ್ತಿದ್ದ. "ಅಲ್ಲಿ ಓಡಿಸ್ತೀರಾ?" ಎಂದರೆ, "ಬರೀ ನೋಡೋದು, ಮಾತಾಡೋದು" ಎನ್ನುತ್ತಿದ್ದ. ಮುದುಕರಿಗೆ ಬೇರೆ ಕೆಲಸವಿಲ್ಲವೆಂದು ಅವಳು ಮೂಗು ಮುರಿಯುತ್ತಿದ್ದಳು. ಗಂಡ ತೀರಿಕೊಂಡು ಇಪ್ಪತ್ತೆರಡು ದಿನ. ಪೆಟ್ಟಿಗೆ ಕಂಡಾಗಲೆಲ್ಲ ಅಳು ಬರುತ್ತದೆಂದು ಮಾರಲು ತಂದಿದ್ದಳು.

"ಕಾರ್ಪೆಟ್ ಮೇಲೆ ಹಳಿ ಹಾಸಿ ಓಡಿಸಿದಾರೆ. ಎಲ್ರೂ ಮಾಡೋ ತಪ್ಪೇ. ಎಳೆ ಎದ್ದು ಚಕ್ರದ ಅಚ್ಚಿಗೆ ಸುತ್ಕೊಳ್ಳುತ್ತೆ, ನೋಡಿ."

ಅವನು ಚಿಮಟದಲ್ಲಿ ಎಳೆದು ಬಿಳಿ ಕಾಗದದ ಮೇಲಿಟ್ಟ. ಸಾಸಿವೆ ಹಳದಿ, ನೇರಳೆ, ಎರಡೂ ಹೊಸೆದ ಉಣ್ಣೆ.

ಅವಳು ಬಗ್ಗಿ ನೋಡಿದಳು. ಆ ಎರಡು ಬಣ್ಣ ಜೋಡಿಸಿ ನೆಲಹಾಸು ಹೆಣೆದವಳು ಅವಳೇ. "ಅಮ್ಮ, ನಿನ್ನ ಕಣ್ಣಿಗೇನಾಗಿದೆ?" ಎಂದು ನಕ್ಕಿದ್ದ ಮಗಳೇ, ಆರು ವರ್ಷದ ಹಿಂದೆ ತಾಯಿಗೆ ಬೇಡದವನನ್ನು ಕಟ್ಟಿಕೊಂಡು ಮನೆ ಬಿಟ್ಟಾಗ, ಅದನ್ನು ಸುತ್ತಿ ಒಯ್ದಿದ್ದಳು. ಮಗಳ ಮನೆಯ ಹೊಸಿಲು ತುಳಿಯಕೂಡದೆಂದು ಇವಳು ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳು. ಮುಂದೊಮ್ಮೆ ಅವನು, "ಮಗು ಆಗಿದೆಯಂತೆ" ಎಂದಾಗ, "ಆ ಸುದ್ದಿ ಈ ಮನೇಲಿ ಬೇಡ" ಎಂದಿದ್ದಳು. ಅವನು ಮತ್ತೆ ಎತ್ತಲಿಲ್ಲ. ತಾನೇ ಗೆದ್ದೆನೆಂದುಕೊಂಡಿದ್ದಳು.

ಹಾಗಾದರೆ ಪ್ರತಿ ಭಾನುವಾರ ಅಲ್ಲಿಗೇ. ತಾನು ಊಟಕ್ಕೆ ಕಾದು ಕೂತ ಅಷ್ಟೂ ಭಾನುವಾರ. ಸಿಟ್ಟು ಬಂತು, ಹೊಟ್ಟೆ ಉರಿಯಿತು. ಬೈಯೋಣವೆಂದರೆ ಮನುಷ್ಯನೇ ಇಲ್ಲ. ಆಮೇಲೆ ಇನ್ನೊಂದು ನೆನಪಾಗಿ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಗಂಡ ತೀರಿಕೊಂಡದ್ದನ್ನು ಹಟ ಹಿಡಿದು ಮಗಳಿಗೆ ಹೇಳಿ ಕಳಿಸಿರಲಿಲ್ಲ. ಮೂರು ಭಾನುವಾರ ಕಳೆದಿದ್ದವು. ಅಲ್ಲಿ ಹಳಿ ಹಾಸಿಕೊಂಡು ಕೂತ ಮಗುವಿಗೆ ಯಾರು ಏನು ಹೇಳಿರಬಹುದು?

"ನೀರು ಕೊಡ್ಲಾ ಅಮ್ಮ?"

"ಬೇಡ. ಇದನ್ನ ಮಾರಲ್ಲ. ಚಕ್ರ ಒರೆಸಿ ಎಣ್ಣೆ ಹಾಕಿ ಕೊಡಪ್ಪ. ಭಾನುವಾರಕ್ಕೆ ಬೇಕು."

ಅವನು ರಸೀದಿ ಪುಸ್ತಕ ಎಳೆದುಕೊಂಡ. "ಯಾರ ಗಾಡಿ ಅಂತ ಬರೀಲಿ?"

"ಮೊಮ್ಮಗೂದು."

"ಹೆಸರು?"

ಗಂಡೋ ಹೆಣ್ಣೋ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಅವನು ಪೆನ್ನು ಹಿಡಿದು ಕಾಯುತ್ತಿದ್ದ. ಫ್ಯಾನಿನ ಗಾಳಿಗೆ ಕಾಗದದ ಮೇಲಿನ ಎಳೆ ಅಲುಗಿತು. ಅದು ಹಾರಿಹೋಗದಂತೆ ಅವಳು ಬೆರಳಿಟ್ಟು ಒತ್ತಿ ಹಿಡಿದಳು.